ಒಂದು ಹಳೆ ಕಾರು, ಎರಡು ಸದ್ದು, ಮೂರು ಕೋಡ್

ಅಕ್ಕ ಫೋನಿನಲ್ಲಿ ಎರಡು ರೆಕಾರ್ಡಿಂಗ್ ಮತ್ತು ಒಂದು ಫೋಟೋ ಕಳಿಸಿದ್ದಳು. ಮೊದಲನೆಯದು ಬೆಳಿಗ್ಗೆ ಕಾರು ಸ್ಟಾರ್ಟ್ ಮಾಡಿದ ಕ್ಷಣದ್ದು. ಕೀ ತಿರುಗಿಸಿದ ಕೂಡಲೇ ಗರಗರ ಸದ್ದು, ತಗಡಿನ ಡಬ್ಬದಲ್ಲಿ ಕಲ್ಲು ಹಾಕಿ ಅಲ್ಲಾಡಿಸಿದ ಹಾಗೆ. ಮೂರು ಸೆಕೆಂಡ್, ಆಮೇಲೆ ಮಾಯ. ಎರಡನೆಯದು ಎಂಜಿನ್ ಓಡುತ್ತಿರುವಾಗಿನ ಟಿಕ್ ಟಿಕ್ ಸದ್ದು, ಚುರುಕಾಗಿ, ಒಂದೇ ತಾಳದಲ್ಲಿ. ಫೋಟೋದಲ್ಲಿ ಡ್ಯಾಶ್‌ಬೋರ್ಡಿನ ಹಳದಿ ಚೆಕ್ ಎಂಜಿನ್ ಲೈಟ್.

"ಎಂಜಿನ್ ಪೂರ್ತಿ ಬಿಚ್ಚಬೇಕು ಅಂತಿದ್ದಾರೆ ಕಣೋ. ಇಲ್ಲಾಂದ್ರೆ ಮಾರಿಬಿಡಿ ಅಂದ್ರು. ನೀನು ಒಂದು ಸಲ ನೋಡ್ತೀಯಾ?"

ಕಾರಿಗೆ 14 ವರ್ಷ. ಓಡಿದ್ದು 1,62,000 ಕಿ.ಮೀ. ನಾಲ್ಕು ಸಿಲಿಂಡರ್, 1.6 ಲೀಟರ್ ಪೆಟ್ರೋಲ್ ಎಂಜಿನ್. ಮೇಲೆ, ಗಾಳಿ ಮತ್ತು ಹೊಗೆಯ ದಾರಿ ತೆರೆದು ಮುಚ್ಚುವ ವಾಲ್ವ್‌ಗಳನ್ನು ಒತ್ತಲು ಎರಡು ಕ್ಯಾಮ್‌ಶಾಫ್ಟ್, ಅವನ್ನು ತಿರುಗಿಸೋದು ಬೆಲ್ಟ್ ಅಲ್ಲ, ಟೈಮಿಂಗ್ ಚೈನ್. ಇನ್‌ಟೇಕ್, ಅಂದರೆ ಗಾಳಿ ಒಳಬರುವ ಕಡೆಯ ಕ್ಯಾಮ್‌ಗೆ ಮಾತ್ರ ವಿವಿಟಿ ಇದೆ. ಅಂದರೆ ಆ ಕ್ಯಾಮನ್ನು ಆಯಿಲ್ ಒತ್ತಡದಿಂದ ಸ್ವಲ್ಪ ಹಿಂದೆ (ತಡವಾಗಿ) ಅಥವಾ ಮುಂದೆ (ಬೇಗ) ಸರಿಸುವ ವ್ಯವಸ್ಥೆ. ಈ ವಿವರ ಇಲ್ಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ಕಥೆಯೆಲ್ಲ ಇದರ ಮೇಲೆಯೇ ನಿಂತಿದೆ.

ಅಷ್ಟರಲ್ಲಿ ಒಂದು ಗ್ಯಾರೇಜಿನಲ್ಲಿ ಕ್ಯಾಮ್ ಎಲ್ಲಿದೆ ಅಂತ ತಿಳಿಸುವ ಕ್ಯಾಮ್ ಸೆನ್ಸರ್ ಬದಲಾಯಿಸಿ, ಕಾರಿನ ಕಂಪ್ಯೂಟರ್ ಬರೆದಿಟ್ಟ ದೋಷದ ಕೋಡ್ ಅಳಿಸಿ ಕಳಿಸಿದ್ದರು. ಒಂಬತ್ತನೇ ದಿನಕ್ಕೆ ಲೈಟ್ ಮತ್ತೆ ಬಂದಿತ್ತು.

ಮೊದಲು ಕೈ ಹಾಕಬಾರದು

ಕಾರು ಬಂದ ಕೂಡಲೇ ಕೋಡ್ ಅಳಿಸುವ ಆಸೆ ಎಲ್ಲರಿಗೂ ಇರುತ್ತದೆ. ದಯವಿಟ್ಟು ಅಳಿಸಬೇಡಿ. ಕೋಡ್ ಜೊತೆಗೆ ಕಂಪ್ಯೂಟರ್ ಆ ಹೊತ್ತಿನ ಒಂದು ಚಿತ್ರವನ್ನೂ ಇಟ್ಟಿರುತ್ತದೆ. ಅದಕ್ಕೆ ಫ್ರೀಝ್ ಫ್ರೇಮ್ ಅಂತಾರೆ. ಎಂಜಿನ್ ಎಷ್ಟು ವೇಗದಲ್ಲಿ ತಿರುಗುತ್ತಿತ್ತು, ಎಷ್ಟು ಬಿಸಿ ಇತ್ತು, ಎಷ್ಟು ಭಾರ ಎಳೆಯುತ್ತಿತ್ತು, ಎಲ್ಲ ಅದರಲ್ಲಿರುತ್ತದೆ. ಕೋಡ್ ಅಳಿಸಿದರೆ ಅದೂ ಹೋಯಿತು.

ಸ್ಕ್ಯಾನರ್ ಹಾಕಿದಾಗ ಮೂರು ಕೋಡ್ ಸಿಕ್ಕವು:

ಪಿ0011: ಇನ್‌ಟೇಕ್ ಕ್ಯಾಮ್ ಇರಬೇಕಾದ್ದಕ್ಕಿಂತ ಮುಂದಕ್ಕೆ ಹೋಗಿದೆ.
ಪಿ0016: ಕ್ರ್ಯಾಂಕ್ (ಪಿಸ್ಟನ್‌ಗಳು ತಿರುಗಿಸುವ ಮುಖ್ಯ ಶಾಫ್ಟ್) ಮತ್ತು ಕ್ಯಾಮ್ ಒಂದಕ್ಕೊಂದು ಹೊಂದುತ್ತಿಲ್ಲ.
ಪಿ0171: ಗಾಳಿ ಜಾಸ್ತಿ, ಪೆಟ್ರೋಲ್ ಕಡಿಮೆ.

ಪಿ ನಂತರದ ಮೊದಲ ಅಂಕಿ 0 ಆಗಿದ್ದರೆ ಆ ಕೋಡಿಗೆ ಎಲ್ಲ ಕಂಪನಿಗಳಲ್ಲೂ ಒಂದೇ ಅರ್ಥ. 1 ಆಗಿದ್ದರೆ ಅದು ಆಯಾ ಕಂಪನಿಯ ಸ್ವಂತ ಕೋಡ್, ಅವರ ಪುಸ್ತಕವೇ ಬೇಕು. ಕಾರು ತನ್ನ ದೋಷವನ್ನು ಕೋಡಿನಲ್ಲಿ ಹೇಳುವ ಈ ಓಬಿಡಿ-2 ಪದ್ಧತಿ ಅಮೆರಿಕದಲ್ಲಿ 1996ರಿಂದ ಎಲ್ಲ ಹೊಸ ಕಾರುಗಳಿಗೂ ಕಡ್ಡಾಯವಾಯಿತು, ಆಮೇಲೆ ಬೇರೆ ಕಡೆಗೂ ಬಂತು. ಹಾಗಾಗಿ ಈಗ ಸಣ್ಣದೊಂದು ರೀಡರ್ ಇದ್ದರೂ ಕೋಡ್ ಓದಬಹುದು. ಓದೋದು ಸುಲಭ. ಆದರೆ ಕೋಡ್ ಹೇಳೋದು ಕಂಪ್ಯೂಟರ್ ಏನು ಕಂಡಿತು ಅನ್ನೋದನ್ನು. ಯಾವ ಭಾಗ ಕೆಟ್ಟಿದೆ ಅಂತ ಅದು ಹೇಳುವುದೇ ಇಲ್ಲ.

ಕ್ಯಾಮ್ ಸೆನ್ಸರ್ ಬದಲಾಯಿಸಿದ್ದು ಇದೇ ಗೊಂದಲದಿಂದ. ಯೋಚನೆ ಮಾಡಿ: ಸೆನ್ಸರ್ ಸತ್ತಿದ್ದರೆ ಅಥವಾ ವೈರ್ ಕಡಿದಿದ್ದರೆ ಪಿ0340 ಬರಬೇಕಿತ್ತು. ಕ್ಯಾಮ್ ಮುಂದಕ್ಕೆ ಹೋಗಿದೆ ಎಂದು ಕಂಪ್ಯೂಟರಿಗೆ ಗೊತ್ತಾಗಿದ್ದೇ ಸೆನ್ಸರ್ ಕೆಲಸ ಮಾಡುತ್ತಿದ್ದರಿಂದ. ದೂರು ತಂದವನನ್ನೇ ಹಿಡಿದು ಕೂರಿಸಿದ ಹಾಗಾಯಿತು.

ಈ ಕಾರು ಕೋಡಿಗೊಂದರಂತೆ ಫ್ರೀಝ್ ಫ್ರೇಮ್ ಇಟ್ಟಿತ್ತು. ಎಲ್ಲ ಕಾರೂ ಹಾಗೆ ಇಡುವುದಿಲ್ಲ. ಪಿ0011 ಬಂದಿದ್ದು 2,150 ಆರ್‌ಪಿಎಂನಲ್ಲಿ, ಎಂಜಿನ್ 91 ಡಿಗ್ರಿ ಬಿಸಿ ಇದ್ದಾಗ, ಅಂದರೆ ರಸ್ತೆಯಲ್ಲಿ ಹೋಗುವಾಗ. ಪಿ0171 ಬಂದಿದ್ದು 740 ಆರ್‌ಪಿಎಂನಲ್ಲಿ, ಅಂದರೆ ಸುಮ್ನೆ ನಿಂತು ಐಡಲ್‌ನಲ್ಲಿ ಓಡುತ್ತಿರುವಾಗ. ಎರಡೂ ಬಂದ ಸಂದರ್ಭವೇ ಬೇರೆ. ನಾನು ಇದನ್ನು ಕಾಗದದ ಮೇಲೆ ಬರೆದುಕೊಂಡೆ. ಆದರೆ ಆಗ ಅದಕ್ಕೆ ಕೊಡಬೇಕಾದ ಬೆಲೆ ಕೊಡಲಿಲ್ಲ.

ಆಮೇಲೆ ಆಯಿಲ್ ಮಟ್ಟ ತೋರಿಸುವ ಕಡ್ಡಿ, ಡಿಪ್‌ಸ್ಟಿಕ್ ಎಳೆದೆ. ತುದಿಯಲ್ಲಿ ಮಾತ್ರ ಒಂದಿಷ್ಟು ಕಪ್ಪು ಆಯಿಲ್. ಕೆಳಗಿನ ಗುರುತಿಗೂ ಮುಟ್ಟಿರಲಿಲ್ಲ. ಈ ಎಂಜಿನ್‌ಗೆ ಹಿಡಿಯೋದು 4.2 ಲೀಟರ್. ಮೇಲಿನ ಗುರುತಿಗೆ ತರಲು 1.4 ಲೀಟರ್ ಸುರಿಯಬೇಕಾಯಿತು.

"ಆಯಿಲ್ ಲೈಟ್ ಬಂದೇ ಇಲ್ವಲ್ಲೋ!" ಅಂದಳು ಅಕ್ಕ.

ಬರುವುದಿಲ್ಲ. ಬಹಳಷ್ಟು ಕಾರುಗಳಲ್ಲಿ ಆ ಕೆಂಪು ಲೈಟ್ ತೋರಿಸೋದು ಆಯಿಲ್‌ನ ಒತ್ತಡವನ್ನು, ಮಟ್ಟವನ್ನಲ್ಲ. ಅದೂ ಒತ್ತಡ 0.3ರಿಂದ 0.5 ಬಾರ್ ಆಸುಪಾಸಿಗೆ ಕುಸಿದ ಮೇಲೆ. ಅದು ಬಂತು ಅಂದರೆ ಕಾರು ನಿಲ್ಲಿಸಿ ಎಂಜಿನ್ ಆಫ್ ಮಾಡಬೇಕು, ಮುಂದಿನ ತಿರುವಿನವರೆಗೂ ಹೋಗಬಾರದು. ಹಳದಿ ಚೆಕ್ ಎಂಜಿನ್ ಲೈಟ್ ಹಾಗಲ್ಲ. ಅದು ಸ್ಥಿರವಾಗಿ ಉರಿಯುತ್ತಿದ್ದರೆ ನಿಧಾನವಾಗಿ ಮನೆ ಸೇರಬಹುದು. ಮಿಣುಕುತ್ತಿದ್ದರೆ ಮಾತ್ರ ಬೇಡ. ಸಿಲಿಂಡರಿನಲ್ಲಿ ಉರಿಯದ ಪೆಟ್ರೋಲ್ ಸೈಲೆನ್ಸರ್ ಕಡೆಗೆ ಹೋಗಿ, ಹೊಗೆ ಶುದ್ಧ ಮಾಡುವ ಕೆಟಲಿಟಿಕ್ ಕನ್ವರ್ಟರನ್ನು ಸುಡುತ್ತಿದೆ ಅಂತ ಅದರ ಅರ್ಥ.

ಆಯಿಲ್ ಪೂರ್ತಿ ಬದಲಾಯಿಸದೆ ಬೇಕೆಂದೇ ಅದರ ಮೇಲೆಯೇ ಸುರಿದೆ. ಹೊಸ ಆಯಿಲ್, ಹೊಸ ಫಿಲ್ಟರ್ ಎರಡೂ ಒಟ್ಟಿಗೆ ಹಾಕಿಬಿಟ್ಟರೆ ಸದ್ದು ಕಡಿಮೆಯಾದಾಗ ಯಾವುದರಿಂದ ಅಂತ ತಿಳಿಯುವುದಿಲ್ಲ.

ಟಿಕ್ ಟಿಕ್ ಹಿಂದೆ ಹೋಗಿ ನಾನು ಕಳೆದ ಒಂದು ದಿನ

ಮೊದಲು ಹೊರಗಿನವನ್ನು ಬಿಡಿಸಿದೆ. ಆಲ್ಟರ್ನೇಟರ್, ನೀರಿನ ಪಂಪ್, ಎಸಿ ಮೂರನ್ನೂ ತಿರುಗಿಸುವ ಬೆಲ್ಟ್ ಕಳಚಿ ಎಂಜಿನ್ ಸ್ಟಾರ್ಟ್ ಮಾಡಿದೆ. ಒಂದು ನಿಮಿಷದೊಳಗೆ ಆಫ್ ಮಾಡಬೇಕು, ಯಾಕೆಂದರೆ ನೀರು ತಿರುಗುತ್ತಿರುವುದಿಲ್ಲ. ಸದ್ದು ಹಾಗೇ ಇತ್ತು. ಅಂದರೆ ಸದ್ದು ಎಂಜಿನ್‌ದೇ.

ಆಮೇಲೆ ಎಣಿಸಿದೆ. ಇದು ಯಾರು ಬೇಕಾದರೂ ಮಾಡಬಹುದಾದ ಪರೀಕ್ಷೆ, ಆದರೂ ಮಾಡುವವರು ಕಡಿಮೆ. ಫೋನಿನಲ್ಲಿ ಹತ್ತು ಸೆಕೆಂಡ್ ರೆಕಾರ್ಡ್ ಮಾಡಿ, ಕಾಲು ಭಾಗದ ವೇಗದಲ್ಲಿ ಕೇಳಿದೆ. 62 ಟಿಕ್. ಎಂಜಿನ್ 740 ಆರ್‌ಪಿಎಂನಲ್ಲಿತ್ತು, ಅಂದರೆ ಕ್ರ್ಯಾಂಕ್ ಹತ್ತು ಸೆಕೆಂಡಿಗೆ ಸುಮಾರು 123 ಸುತ್ತು. ಎರಡು ಸುತ್ತಿಗೆ ಒಂದು ಟಿಕ್. ಕ್ಯಾಮ್ ತಿರುಗುವುದು ಕ್ರ್ಯಾಂಕಿನ ಅರ್ಧ ವೇಗದಲ್ಲಿ ಅಲ್ವಾ? ಹಾಗಾದರೆ ಇದು ಕ್ಯಾಮಿನ ಕಡೆಯ ಸದ್ದು, ಒಂದು ವಾಲ್ವ್ ಸಡಿಲವಾಗಿದೆ, ಪಿ0011 ಕೂಡ ಕ್ಯಾಮಿನ ಕೋಡೇ, ಎಲ್ಲ ಸರಿಹೋಯಿತು ಅಂದುಕೊಂಡೆ.

ಅಲ್ಲಿಯೇ ತಪ್ಪಿದೆ. ಸದ್ದನ್ನೂ ಕೋಡನ್ನೂ ಪರೀಕ್ಷೆ ಮಾಡದೆ ಗಂಟು ಹಾಕಿಬಿಟ್ಟೆ.

ವಾಲ್ವ್ ಕವರ್ ಬಿಚ್ಚಿ, ಸಂದು ಅಳೆಯುವ ತೆಳು ತಗಡು (ಫೀಲರ್ ಗೇಜ್) ಹಾಕಿ, ಹದಿನಾರೂ ವಾಲ್ವ್‌ಗಳ ಸಂದು ಅಳೆದೆ. ಇನ್‌ಟೇಕ್ ಕಡೆ 0.19ರಿಂದ 0.22 ಮಿ.ಮೀ., ಎಕ್ಸಾಸ್ಟ್ (ಹೊಗೆ ಹೊರಹೋಗುವ) ಕಡೆ 0.28ರಿಂದ 0.32. ಈ ಎಂಜಿನ್ನಿನ ಪುಸ್ತಕದ ಪ್ರಕಾರ ಎಲ್ಲವೂ ಸರಿ. ಒಂದೂ ಸಡಿಲ ಇಲ್ಲ. ಒಂದು ದಿನ ಪೂರ್ತಿ ಹೋಯಿತು.

ಆದರೆ ಕವರ್ ತಿರುಗಿಸಿ ಇಟ್ಟಾಗ ಒಂದು ಕಂಡಿತು. ಅಂಚಿನ ಒಳಗಡೆ ಬೂದು ಬಣ್ಣದ ಸಿಲಿಕೋನ್ ಸೀಲಂಟ್ ಉದ್ದಕ್ಕೂ ಹಿಂಡಿ ಹೊರಬಂದಿತ್ತು. ಕೆಲವು ಕಡೆ ಶ್ಯಾವಿಗೆ ಎಳೆಯಂತೆ ಜೋತಾಡುತ್ತಿತ್ತು. ಎರಡು ಕಡೆ ಎಳೆ ಕಡಿದು, ಅದರ ಬುಡ ಮಾತ್ರ ಉಳಿದಿತ್ತು. ಈ ಮೊದಲು ಯಾರೋ ಆಯಿಲ್ ಸೋರಿಕೆ ನಿಲ್ಲಿಸಲು ಗ್ಯಾಸ್ಕೆಟ್ ಮೇಲೆ ಸೀಲಂಟ್ ಬಳಿದಿದ್ದಾರೆ. ಕಡಿದು ಬಿದ್ದ ಆ ತುಂಡುಗಳು ಎಲ್ಲಿಗೆ ಹೋದವು? ಆಯಿಲ್ ಹರಿಯುವ ಕಡೆಗೇ. ಅದನ್ನೂ ಬರೆದಿಟ್ಟುಕೊಂಡೆ.

ಮಾರನೇ ದಿನ ಟಿಕ್ ಟಿಕ್ ಬಗ್ಗೆ ಮೊದಲಿಂದ ಯೋಚಿಸಿದೆ. ಎರಡು ಸುತ್ತಿಗೆ ಒಂದು ಸಲ ಆಗುವುದು ವಾಲ್ವ್ ಒಂದೇ ಅಲ್ಲ. ಒಂದು ಸಿಲಿಂಡರಿನಲ್ಲಿ ಪೆಟ್ರೋಲ್ ಉರಿಯುವುದೂ ಎರಡು ಸುತ್ತಿಗೆ ಒಂದೇ ಸಲ. ಅಕ್ಕನನ್ನು ಕೇಳಿದೆ: "ಈ ಟಿಕ್ ಟಿಕ್ ಯಾವಾಗ ಜಾಸ್ತಿ?"

"ಬೆಳಿಗ್ಗೆ ಜೋರು. ಹತ್ತು ನಿಮಿಷ ಓಡಿಸಿದ ಮೇಲೆ ಅಷ್ಟು ಕೇಳಲ್ಲ. ಏರು ಹತ್ತುವಾಗ ಮತ್ತೆ ಕೇಳತ್ತೆ."

ಇದನ್ನು ಮೊದಲ ದಿನವೇ ಕೇಳಬೇಕಿತ್ತು. ತಣ್ಣಗಿದ್ದಾಗ ಜೋರು, ಬಿಸಿಯಾದ ಮೇಲೆ ಕಡಿಮೆ, ಭಾರ ಬಿದ್ದಾಗ ಮತ್ತೆ ಜೋರು. ಇದು ಎಕ್ಸಾಸ್ಟ್ ಸೋರಿಕೆಯ ಗುಣ. ಲೋಹ ಬಿಸಿಯಾಗಿ ಹಿಗ್ಗಿದಾಗ ಸಂದು ಮುಚ್ಚಿಕೊಳ್ಳುತ್ತದೆ.

ಖಚಿತ ಮಾಡಿಕೊಳ್ಳಲು ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರುಗಳ ವೈರ್ ಒಂದೊಂದಾಗಿ ಕಿತ್ತು ನೋಡಿದೆ. ಸ್ಪಾರ್ಕ್ ಕಾಯಿಲ್ ಕೀಳಬಾರದು, ಕಿತ್ತರೆ ಉರಿಯದ ಪೆಟ್ರೋಲ್ ಕನ್ವರ್ಟರಿಗೆ ಹೋಗುತ್ತದೆ. ಒಂದು, ಎರಡು, ಮೂರನೇ ಸಿಲಿಂಡರ್ ನಿಲ್ಲಿಸಿದಾಗ ಎಂಜಿನ್ ನಡುಗಿತು, ಟಿಕ್ ಹಾಗೇ ಇತ್ತು. ನಾಲ್ಕನೆಯದು ನಿಲ್ಲಿಸಿದ ಕೂಡಲೇ ಟಿಕ್ ಹೆಚ್ಚುಕಡಿಮೆ ನಿಂತೇಹೋಯಿತು. ವಾಲ್ವ್ ಸದ್ದಾಗಿದ್ದರೆ ನಿಲ್ಲಲು ಕಾರಣವೇ ಇಲ್ಲ. ಪೆಟ್ರೋಲ್ ಇರಲಿ ಬಿಡಲಿ, ಕ್ಯಾಮ್ ವಾಲ್ವನ್ನು ಒತ್ತುತ್ತಲೇ ಇರುತ್ತದೆ. ನಿಲ್ಲಬಹುದಾದ ಇನ್ನೊಂದು ಸದ್ದೆಂದರೆ ಕನೆಕ್ಟಿಂಗ್ ರಾಡ್ ಬೇರಿಂಗಿನದು. ಆದರೆ ಅದು ಟಿಕ್ ಅನ್ನುವುದಿಲ್ಲ, ದಪ್ಪಗೆ ಟೊಕ್ ಟೊಕ್ ಅನ್ನುತ್ತದೆ, ಎಂಜಿನ್ ಕೆಳಗೆ ಆಯಿಲ್ ನಿಲ್ಲುವ ಸಂಪ್ ಹತ್ತಿರ ಜೋರು. ಉದ್ದನೆಯ ಸ್ಕ್ರೂಡ್ರೈವರಿನ ಹಿಡಿ ಕಿವಿಗೆ ಒತ್ತಿ, ತುದಿ ಸಂಪಿಗೆ ಇಟ್ಟು ಕೇಳಿದೆ. ಅಲ್ಲಿ ಏನೂ ಇರಲಿಲ್ಲ. ಹೀಗೆ ಕೇಳುವಾಗ ತೋಳಿನ ಬಟ್ಟೆ, ಕೂದಲು ಬೆಲ್ಟಿನಿಂದ ದೂರ ಇರಲಿ.

ಎಂಜಿನ್ ತಣ್ಣಗಾದ ಮೇಲೆ ಸೈಲೆನ್ಸರ್ ತುದಿಗೆ ವ್ಯಾಕ್ಯೂಮ್ ಕ್ಲೀನರಿನ ಗಾಳಿ ಬಿಡುವ ಬಾಯಿ ಕೊಟ್ಟೆ. ಸಿಲಿಂಡರುಗಳ ಹೊಗೆ ಒಟ್ಟುಗೂಡಿಸುವ ಪೈಪ್, ಅಂದರೆ ಮ್ಯಾನಿಫೋಲ್ಡ್ ಸುತ್ತ ಸೋಪಿನ ನೀರು ಚಿಮುಕಿಸಿದೆ. ನಾಲ್ಕನೇ ಸಿಲಿಂಡರಿನ ಕೆಳ ಅಂಚಿನಲ್ಲಿ ಗುಳ್ಳೆಗಳು ಎದ್ದವು. ಕನ್ನಡಿ ಹಿಡಿದು ನೋಡಿದರೆ ಅಲ್ಲಿ ಮ್ಯಾನಿಫೋಲ್ಡ್ ಹಿಡಿದಿಡುವ ಒಂದು ಸ್ಟಡ್ ಮುರಿದು, ಅದರ ಹೊರತುದಿ ನಟ್ ಸಮೇತ ಬಿದ್ದುಹೋಗಿತ್ತು. ಗ್ಯಾಸ್ಕೆಟ್ ಅಂಚಿನಿಂದ ಕಪ್ಪು ಮಸಿ ಬೀಸಣಿಗೆಯಂತೆ ಹರಡಿತ್ತು.

ಇಲ್ಲಿಂದ ಪಿ0171 ಕೂಡ ಅರ್ಥವಾಯಿತು. ಎಕ್ಸಾಸ್ಟ್ ಹೊಗೆ ನದಿಯಂತೆ ಒಂದೇ ಸಮ ಹರಿಯುವುದಿಲ್ಲ, ಅಲೆ ಅಲೆಯಾಗಿ ಹೋಗುತ್ತದೆ. ಎರಡು ಅಲೆಗಳ ನಡುವೆ ಒಳಗಿನ ಒತ್ತಡ ಹೊರಗಿನ ಗಾಳಿಗಿಂತ ಕೆಳಗಿಳಿಯುತ್ತದೆ. ಆಗ ಸಂದಿನಿಂದ ಹೊರಗಿನ ಗಾಳಿ ಒಳಕ್ಕೆ ಹೋಗುತ್ತದೆ. ಅದರ ಮುಂದೆಯೇ ಆಕ್ಸಿಜನ್ ಸೆನ್ಸರ್ ಕೂತಿದೆ. ಆಮ್ಲಜನಕ ಕಂಡ ಕೂಡಲೇ ಅದು ಪೆಟ್ರೋಲ್ ಸಾಲದು ಅಂತ ವರದಿ ಮಾಡುತ್ತದೆ. ಕಂಪ್ಯೂಟರ್ ನಂಬಿ ಪೆಟ್ರೋಲ್ ಹೆಚ್ಚಿಸುತ್ತಾ ಹೋಗುತ್ತದೆ. ಹಾಗೆ ಹೆಚ್ಚಿಸಿದ ಲೆಕ್ಕಕ್ಕೆ ಲಾಂಗ್ ಟರ್ಮ್ ಫ್ಯೂಯಲ್ ಟ್ರಿಮ್ ಅಂತಾರೆ. ಅದು ಐಡಲ್‌ನಲ್ಲಿ +21% ಇತ್ತು, 2,500 ಆರ್‌ಪಿಎಂನಲ್ಲಿ +4%. ವೇಗ ಹೆಚ್ಚಾದಾಗ ಅಲೆಗಳು ಒತ್ತೊತ್ತಾಗಿ ಬರುತ್ತವೆ, ಗಾಳಿ ನುಗ್ಗಲು ಬಿಡುವಿಲ್ಲ.

ನಿಜ ಹೇಳಬೇಕೆಂದರೆ, ಇದೇ ಅಂಕಿಗಳು ಇನ್‌ಟೇಕ್ ಕಡೆ ಪೈಪ್ ಬಿರಿದಿದ್ದರೂ ಬರುತ್ತವೆ. ಪಿ0171 ಬಂದಾಗ ಅದೇ ಮೊದಲ ಅನುಮಾನ ಆಗಬೇಕು. ಅದಕ್ಕೇ ಇನ್‌ಟೇಕ್‌ಗೆ ಸ್ಮೋಕ್ ಮಷೀನಿನಿಂದ ಹೊಗೆ ಬಿಟ್ಟು ನೋಡಿದೆ. ಎಲ್ಲಿಯೂ ಹೊಗೆ ಹೊರಬರಲಿಲ್ಲ. ಆಮೇಲೆಯೇ ಎಕ್ಸಾಸ್ಟ್ ಮೇಲೆ ಆರೋಪ ಹೊರಿಸಿದ್ದು.

ಒಳಗೆ ಉಳಿದಿದ್ದ ಸ್ಟಡ್ ತುಂಡಿನ ಮೇಲೆ ನಟ್ ವೆಲ್ಡ್ ಮಾಡಿಸಿ ತೆಗೆದೆವು. ಮ್ಯಾನಿಫೋಲ್ಡ್ ಸೊಟ್ಟಗಾಗಿದೆಯಾ ಅಂತ ನೇರಪಟ್ಟಿ ಇಟ್ಟು ನೋಡಿ, ಹೊಸ ಗ್ಯಾಸ್ಕೆಟ್ ಹಾಕಿದೆವು. ಟಿಕ್ ಹೋಯಿತು. ಎರಡು ದಿನದಲ್ಲಿ ಟ್ರಿಮ್ +3%ಕ್ಕೆ ಇಳಿಯಿತು. ಎಲ್ಲರೂ ಟ್ಯಾಪೆಟ್ ಸದ್ದು (ವಾಲ್ವ್ ಕಡೆಯ ಸದ್ದು) ಎಂದಿದ್ದು, ನಾನೂ ಹಾಗೇ ನಂಬಿದ್ದು, ಕ್ಯಾಮಿಗೆ ಸಂಬಂಧವೇ ಇಲ್ಲದ ಸದ್ದಾಗಿತ್ತು.

ಬೆಳಗಿನ ಗರಗರ

ಗರಗರ ಸದ್ದು ಹಾಗೇ ಉಳಿದಿತ್ತು. ಪಿ0011, ಪಿ0016 ಕೂಡ.

ಟೈಮಿಂಗ್ ಚೈನ್ ಬಿಗಿಯಾಗಿರಲು ಒಂದು ಟೆನ್ಷನರ್ ಇರುತ್ತದೆ. ಅದರೊಳಗೆ ಸಣ್ಣ ಸ್ಪ್ರಿಂಗ್ ಇದೆ, ಆದರೆ ನಿಜವಾದ ಬಲ ಬರುವುದು ಆಯಿಲ್ ಒತ್ತಡದಿಂದ. ರಾತ್ರಿಯೆಲ್ಲ ಕಾರು ನಿಂತಾಗ ಅದರೊಳಗಿನ ಆಯಿಲ್ ಇಳಿದುಹೋಗಬಹುದು. ಬೆಳಿಗ್ಗೆ ಒತ್ತಡ ಬರುವವರೆಗೂ ಚೈನ್ ಸಡಿಲವಾಗಿ, ತಾನು ಜಾರುವ ಪಟ್ಟಿಗೆ, ಅಂದರೆ ಗೈಡ್‌ಗೆ ಬಡಿಯುತ್ತದೆ. ಹಾಗಾಗಿ ಎರಡು ಪ್ರಶ್ನೆ: ಆಯಿಲ್ ಬರಲು ತಡವಾಗುತ್ತಿದೆಯಾ? ಅಥವಾ ಚೈನೇ ಉದ್ದವಾಗಿದೆಯಾ?

ಆಯಿಲ್ ಲೈಟಿನ ಸ್ವಿಚ್ ಬಿಚ್ಚಿ ಆ ಜಾಗಕ್ಕೆ ಒತ್ತಡದ ಗೇಜ್ ಹಾಕಿದೆ. ರಾತ್ರಿ ಬಿಟ್ಟು ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಮುಳ್ಳು ಏಳಲು ಮೂರೂವರೆ ಸೆಕೆಂಡ್ ಬೇಕಾಯಿತು. ಗರಗರ ಸದ್ದು ನಿಂತಿದ್ದೂ ಅದೇ ಹೊತ್ತಿಗೆ. ಎಂಜಿನ್ ಬಿಸಿಯಾದ ಮೇಲೆ ಐಡಲ್‌ನಲ್ಲಿ 0.9 ಬಾರ್, 2,000 ಆರ್‌ಪಿಎಂನಲ್ಲಿ 2.6 ಬಾರ್. ಎರಡೂ ಪುಸ್ತಕದ ಮಿತಿಯೊಳಗೆ. ಪಂಪ್ ಸವೆದಿದ್ದರೆ, ಕ್ರ್ಯಾಂಕ್ ಬೇರಿಂಗ್ ಹೋಗಿದ್ದರೆ ಬಿಸಿಯಾದಾಗಲೇ ಒತ್ತಡ ಬಿದ್ದುಹೋಗಬೇಕಿತ್ತು. ಎಂಜಿನ್ ಪೂರ್ತಿ ಬಿಚ್ಚಬೇಕು ಅನ್ನುವ ಮಾತಿಗೆ ಉತ್ತರ ಈ ಎರಡು ಅಂಕಿಯಲ್ಲಿತ್ತು. ಕಂಪ್ರೆಷನ್, ಅಂದರೆ ಒಂದೊಂದು ಸಿಲಿಂಡರಿನೊಳಗೆ ಗಾಳಿ ಎಷ್ಟು ಒತ್ತಿಕೊಳ್ಳುತ್ತದೆ ಅನ್ನೋದನ್ನೂ ನೋಡಿದೆ: 12.4, 12.1, 12.3, 11.9 ಬಾರ್. 14 ವರ್ಷದ ಎಂಜಿನ್‌ಗೆ ಇದು ಸಂತೋಷಪಡಬೇಕಾದ ಲೆಕ್ಕ.

ಈಗ ಆಯಿಲ್ ಮತ್ತು ಫಿಲ್ಟರ್ ಬದಲಾಯಿಸಿದೆ. ಹಳೆ ಆಯಿಲ್ 19,000 ಕಿ.ಮೀ. ಓಡಿತ್ತು, 10,000ಕ್ಕೇ ಬದಲಾಯಿಸಬೇಕಿತ್ತು. ಈ ಎಂಜಿನ್ನಿನಲ್ಲಿ ಫಿಲ್ಟರ್ ಅಡ್ಡಡ್ಡ ಕೂರುತ್ತದೆ. ಅದರೊಳಗೆ ರಬ್ಬರಿನ ಒಂದು ತೆಳು ಬಿಲ್ಲೆ ಇದೆ, ಎಂಜಿನ್ ನಿಂತಾಗ ಆಯಿಲ್ ವಾಪಸ್ ಇಳಿಯದಂತೆ ತಡೆಯಲು. ಹಳೆ ಫಿಲ್ಟರ್ ಕೊಯ್ದು ನೋಡಿದೆ. ಆ ರಬ್ಬರ್ ಮಡಿಚಿದರೆ ಮಡಿಚದಷ್ಟು ಗಟ್ಟಿಯಾಗಿತ್ತು, ಅಂಚು ಮೇಲೆದ್ದಿತ್ತು. ಹೊಸದು ಹಾಕಿದ ಮೇಲೆ ಒತ್ತಡ ಒಂದೂವರೆ ಸೆಕೆಂಡಿಗೆ ಬಂತು. ಗರಗರ ಸದ್ದು ಮೂರು ಸೆಕೆಂಡಿನಿಂದ ಒಂದಕ್ಕೆ ಇಳಿಯಿತು. ಇಳಿಯಿತು, ಹೋಗಲಿಲ್ಲ. ಅರ್ಧ ಉತ್ತರ ಸಿಕ್ಕ ಹಾಗಾಯಿತು.

ಮುಂದೆ ವಿವಿಟಿ ಕಡೆಗೆ. ಕ್ಯಾಮನ್ನು ಸರಿಸುವ ಆಯಿಲನ್ನು ಬಿಡುವ, ತಡೆಯುವ ಕೆಲಸ ಮಾಡುವುದು ಆಯಿಲ್ ಕಂಟ್ರೋಲ್ ವಾಲ್ವ್. ಬೆರಳುದ್ದದ ಭಾಗ, ಒಂದು ಬೋಲ್ಟ್ ಬಿಚ್ಚಿದರೆ ಹೊರಬರುತ್ತದೆ. ಕಾಯಿಲ್ ರೆಸಿಸ್ಟೆನ್ಸ್ 7.4 ಓಮ್, ಸರಿಯಾಗಿತ್ತು. ಎಷ್ಟೋ ಜನ ಇಲ್ಲಿಗೇ ನಿಲ್ಲಿಸಿ ವಾಲ್ವ್ ಚೆನ್ನಾಗಿದೆ ಅಂತಾರೆ. ಕರೆಂಟ್ ಹರಿಯುತ್ತದೆ ಅಂದಮಾತ್ರಕ್ಕೆ ಒಳಗಿನ ಕಡ್ಡಿ ಸರಿದಾಡುತ್ತದೆ ಅಂತಲ್ಲ. ಕ್ಷಣಮಾತ್ರ 12 ವೋಲ್ಟ್ ಕೊಟ್ಟೆ. ಕಡ್ಡಿ ಅರ್ಧಕ್ಕೆ ಹೋಗಿ ಅಲ್ಲೇ ನಿಂತಿತು. ವೈರ್ ತೆಗೆದರೂ ವಾಪಸ್ ಬರಲಿಲ್ಲ. ಬೆರಳಿನಿಂದ ತಟ್ಟಿದ ಮೇಲೆ ಟಕ್ ಅಂತ ಬಂತು.

ಅದಕ್ಕೆ ಆಯಿಲ್ ಬರುವ ದಾರಿಯಲ್ಲಿ ಉಗುರಿನಷ್ಟು ಸಣ್ಣ ಜಾಲರಿ ಇದೆ. ಅದನ್ನು ಬಿಳಿ ಬಟ್ಟೆಯ ಮೇಲೆ ಕೊಡವಿದೆ. ಕಪ್ಪು ಕಿಟ್ಟದ ನಡುವೆ ಬೂದು ಬಣ್ಣದ ಮೂರು ತುಂಡು, ಅಕ್ಕಿಕಾಳಿನ ಅರ್ಧದಷ್ಟು. ಉಗುರಿನಲ್ಲಿ ಒತ್ತಿದರೆ ರಬ್ಬರಿನಂತೆ ಬಗ್ಗುತ್ತಿದ್ದವು. ವಾಲ್ವ್ ಕವರಿನ ಅಂಚಿನಲ್ಲಿ ಕಡಿದುಹೋಗಿದ್ದ ಸೀಲಂಟ್ ಎಳೆ ಇಲ್ಲಿ ಸಿಕ್ಕಿತು.

ಹೊಸ ಕಂಟ್ರೋಲ್ ವಾಲ್ವ್, ಹೊಸ ಜಾಲರಿ. ಈಗ ಕೋಡ್ ಅಳಿಸಿ ಅಕ್ಕನ ಕೈಗೆ ಕಾರು ಕೊಟ್ಟೆ. ಆರನೇ ದಿನ ಓದಿದಾಗ ಪಿ0011 ಇರಲಿಲ್ಲ. ಪಿ0016 ಮಾತ್ರ ಪೆಂಡಿಂಗ್ ಪಟ್ಟಿಯಲ್ಲಿ, ಅಂದರೆ ಕಂಪ್ಯೂಟರಿಗೆ ಇನ್ನೂ ಖಚಿತವಾಗದ ಕೋಡುಗಳ ಪಟ್ಟಿಯಲ್ಲಿ ಕೂತಿತ್ತು. ಲೈಟ್ ಇನ್ನೂ ಬಂದಿರಲಿಲ್ಲ.

ಎರಡು ಕೋಡ್, ಎರಡು ದಿಕ್ಕು

ಇಲ್ಲಿ ನನಗೆ ಹೊಳೆದ ವಿಷಯ ಈ ಇಡೀ ಪ್ರಕರಣದಲ್ಲಿ ನನಗೆ ಅತಿ ಮುಖ್ಯವಾದದ್ದು.

ಪಿ0011 ಹೇಳಿದ್ದು ಕ್ಯಾಮ್ ಮುಂದಕ್ಕೆ ಹೋಗಿದೆ ಅಂತ. ಆದರೆ ಚೈನ್ ಉದ್ದವಾದರೆ ಏನಾಗುತ್ತದೆ? ಕ್ರ್ಯಾಂಕ್ ಚೈನನ್ನು ಎಳೆಯುತ್ತದೆ, ಚೈನ್ ಕ್ಯಾಮನ್ನು ಎಳೆಯುತ್ತದೆ. ಎಳೆಯುವ ಬದಿಯ ಚೈನ್ ಉದ್ದವಾದರೆ ಕ್ಯಾಮ್ ಹಿಂದೆ ಬೀಳುತ್ತದೆ. ಮುಂದೆ ಹೋಗಲು ಸಾಧ್ಯವೇ ಇಲ್ಲ. ಅಂದರೆ ಈ ಎರಡು ಕೋಡಿಗೆ ಒಂದೇ ಕಾರಣ ಹುಡುಕುತ್ತಿದ್ದುದೇ ತಪ್ಪು. ಸಿಕ್ಕಿಕೊಂಡ ವಾಲ್ವ್ ಕ್ಯಾಮನ್ನು ಮುಂದೆ ತಳ್ಳಿತ್ತು. ಅದು ಸರಿಯಾದ ಮೇಲೆ ಹಿಂದೆ ಬಿದ್ದಿರೋದು ಬಯಲಾಗಿದೆ.

ಊಹೆ ಸರಿಯಾ ಅಂತ ನೋಡಲು ಸೆನ್ಸರಿನ ಸಿಗ್ನಲನ್ನು ಪರದೆಯ ಮೇಲೆ ಗೆರೆಯಾಗಿ ತೋರಿಸುವ, ಎರಡು ಚಾನೆಲ್ಲಿನ ಆಸಿಲೋಸ್ಕೋಪ್ ತಂದೆ. ಒಂದನ್ನು ಕ್ರ್ಯಾಂಕ್ ಸೆನ್ಸರಿಗೆ, ಇನ್ನೊಂದನ್ನು ಕ್ಯಾಮ್ ಸೆನ್ಸರಿಗೆ ಕೊಟ್ಟೆ. ಕಂಟ್ರೋಲ್ ವಾಲ್ವಿನ ವೈರ್ ತೆಗೆದಿಟ್ಟೆ, ಆಗ ಕ್ಯಾಮ್ ತನ್ನ ಮೂಲ ಜಾಗದಲ್ಲಿ ಲಾಕ್ ಆಗಿರಬೇಕು. ಈ ಕಾರಿನ ಕ್ರ್ಯಾಂಕ್ ಚಕ್ರದಲ್ಲಿ 60 ಹಲ್ಲಿನ ಜಾಗ ಇದೆ, ಗುರುತಿಗಾಗಿ ಎರಡು ಹಲ್ಲು ಬಿಟ್ಟಿದ್ದಾರೆ. ಒಂದು ಹಲ್ಲಿಗೆ 6 ಡಿಗ್ರಿ. ಪುಸ್ತಕದ ಚಿತ್ರದಲ್ಲಿ ಕ್ಯಾಮಿನ ಗೆರೆ ಯಾವ ಹಲ್ಲಿನ ಮೇಲೆ ಬೀಳಬೇಕೋ ಅದಕ್ಕಿಂತ ಒಂದು ಹಲ್ಲು ದಾಟಿ, ಇನ್ನೂ ಸ್ವಲ್ಪ ತಡವಾಗಿ ಬೀಳುತ್ತಿತ್ತು. ಸುಮಾರು 7 ಡಿಗ್ರಿ, ಹಿಂದಕ್ಕೆ.

ಚೈನ್ ಒಂದು ಹಲ್ಲು ಜಿಗಿದಿರಬಹುದಾ? ಕ್ಯಾಮಿನಲ್ಲಿ ಚೈನ್ ಕೂರುವ ಚಕ್ರ, ಅಂದರೆ ಸ್ಪ್ರಾಕೆಟ್‌ಗೆ 36 ಹಲ್ಲು. ಒಂದು ಹಲ್ಲು ಜಿಗಿದರೆ ಕ್ಯಾಮಿನಲ್ಲಿ 10 ಡಿಗ್ರಿ, ಕ್ರ್ಯಾಂಕಿನ ಲೆಕ್ಕದಲ್ಲಿ 20. ನಮಗೆ ಸಿಕ್ಕಿದ್ದು 7. ಹಾಗಾದರೆ ಜಿಗಿದಿಲ್ಲ. ಸವೆದು ಉದ್ದವಾಗಿದೆ.

ಅಕ್ಕನಿಗೆ ಇದನ್ನು ಕಾಗದದ ಮೇಲೆ ಚಿತ್ರ ಬರೆದು ತೋರಿಸಿದೆ. ಅವಳು ಕೇಳಿದ್ದು ಒಂದೇ: "ಹೀಗೇ ಓಡಿಸಿದ್ರೆ?" ಇದು ಇಂಟರ್‌ಫಿಯರೆನ್ಸ್ ಎಂಜಿನ್. ಪಿಸ್ಟನ್ ಮತ್ತು ವಾಲ್ವ್ ಒಂದೇ ಜಾಗಕ್ಕೆ ಬೇರೆ ಬೇರೆ ಹೊತ್ತಿಗೆ ಬರುತ್ತವೆ. ಚೈನ್ ಹಲ್ಲು ಜಿಗಿಯುತ್ತಾ ಹೋದರೆ ಎರಡೂ ಒಂದಕ್ಕೊಂದು ಬಡಿಯುತ್ತವೆ, ಆಗ ವಾಲ್ವ್ ಬಗ್ಗುತ್ತದೆ. ಯಾವತ್ತು ಅಂತ ಹೇಳಲಾಗುವುದಿಲ್ಲ. ಕಂಪ್ರೆಷನ್ ಚೆನ್ನಾಗಿದೆ, ಒತ್ತಡ ಚೆನ್ನಾಗಿದೆ, ಬಾಡಿಗೆ ತುಕ್ಕು ಹಿಡಿದಿಲ್ಲ. ಚೈನ್ ಹಾಕಿಸೋಣ ಅಂತ ಇಬ್ಬರೂ ತೀರ್ಮಾನ ಮಾಡಿದೆವು.

ಮುಂದಿನ ಕವರ್ ತೆಗೆದಾಗ ಮೊದಲು ಕಂಡಿದ್ದು ಟೆನ್ಷನರ್. ಅದರ ಕಡ್ಡಿಗೆ ಗರಗಸದಂಥ ಹಲ್ಲುಗಳಿವೆ, ಚೈನ್ ಸಡಿಲವಾದಂತೆ ಒಂದೊಂದೇ ಹಲ್ಲು ಹೊರಗೆ ಬಂದು ನಿಲ್ಲುತ್ತದೆ. ಆಮೇಲೆ ಹೊಸ ಚೈನ್ ಜೊತೆ ಹೊಸ ಟೆನ್ಷನರ್ ಕೂರಿಸಿದಾಗ ಅದು ನಾಲ್ಕನೇ ಹಲ್ಲಿಗೆ ನಿಂತಿತು. ಹಳೆಯದು ನಿಂತಿದ್ದು ಹದಿಮೂರರಲ್ಲಿ. ಪ್ಲಾಸ್ಟಿಕ್ ಗೈಡಿನ ಮೇಲೆ ಚೈನ್ ಎರಡು ಆಳವಾದ ಗೀರು ಕೊರೆದಿತ್ತು, ತುದಿಯ ಚೂರು ಮುರಿದಿತ್ತು.

ಹಳೆ ಚೈನ್, ಹೊಸ ಚೈನ್ ಎರಡನ್ನೂ ಪಕ್ಕಪಕ್ಕ ತೂಗುಹಾಕಿದೆ. ಹಳೆಯದರ ಸುತ್ತಳತೆ 8 ಮಿ.ಮೀ. ಜಾಸ್ತಿ. ಕಬ್ಬಿಣ ಎಳೆದು ಹಿಗ್ಗಿದ್ದಲ್ಲ ಇದು. 140 ಕೊಂಡಿಗಳಲ್ಲಿ ಒಂದೊಂದರ ಪಿನ್ನೂ ಒಂದು ಕೂದಲೆಳೆಯಷ್ಟು ಸವೆದಿದೆ, ಅಷ್ಟೇ. ಹಳೆ ಚೈನನ್ನು ಅಡ್ಡಲಾಗಿ ಹಿಡಿದರೆ ಬಾಲದಂತೆ ಬಾಗಿತು. ಹೊಸದು ಹೆಚ್ಚುಕಡಿಮೆ ನೆಟ್ಟಗೆ ನಿಂತಿತು.

ಬೆಳಗಿನ ಗರಗರ ವಿವಿಟಿ ಗೇರಿನ ಲಾಕ್ ಪಿನ್ ಸವೆದರೂ ಬರುತ್ತದೆ. ಅದನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದೆ. ಲಾಕ್ ಆದಾಗ ಒಂದಿಷ್ಟೂ ಅಲ್ಲಾಡಲಿಲ್ಲ. ಅದನ್ನು ಹಾಗೇ ಉಳಿಸಿಕೊಂಡೆ. ಸಂಪ್ ಬಿಚ್ಚಿ ಆಯಿಲ್ ಹೀರುವ ಜಾಲರಿ ನೋಡಿದರೆ ಅಲ್ಲೂ ಸೀಲಂಟ್ ತುಂಡುಗಳು, ಕಾಲು ಭಾಗ ಮುಚ್ಚಿತ್ತು. ಎಲ್ಲ ತೊಳೆದು, ವಾಲ್ವ್ ಕವರಿಗೆ ಬರೀ ಹೊಸ ಗ್ಯಾಸ್ಕೆಟ್ ಹಾಕಿದೆ. ಸೀಲಂಟ್ ಪುಸ್ತಕ ಹೇಳಿದ ಎರಡು ಮೂಲೆಗೆ ಮಾತ್ರ, ಒಂದೊಂದು ಚುಕ್ಕೆ.

ಆಮೇಲೆ

ಮೊದಲ ಬೆಳಿಗ್ಗೆ ಕೀ ತಿರುಗಿಸಲು ಅಕ್ಕನೇ ಬಂದಳು. ಗರಗರ ಬರಲಿಲ್ಲ. ಅವಳು ಆಫ್ ಮಾಡಿ ಕಾದಳು, ಮತ್ತೆ ಸ್ಟಾರ್ಟ್ ಮಾಡಿದಳು. ಬರಲಿಲ್ಲ. ಸ್ಕೋಪಿನಲ್ಲಿ ಕ್ಯಾಮಿನ ಗೆರೆ ತನ್ನ ಹಲ್ಲಿನ ಮೇಲೆಯೇ ಬಿತ್ತು.

ಲೈಟ್ ಆರಿದ್ದನ್ನು ನಾನು ಲೆಕ್ಕಕ್ಕೆ ಹಿಡಿಯಲಿಲ್ಲ. ಕೋಡ್ ಅಳಿಸಿದಾಗ ಕಂಪ್ಯೂಟರಿನ ಸ್ವಂತ ಪರೀಕ್ಷೆಗಳೆಲ್ಲ ಮೊದಲಿಂದ ಶುರುವಾಗುತ್ತವೆ. ಅವು ಮುಗಿಯುವವರೆಗೂ ಲೈಟ್ ಇಲ್ಲದಿರುವುದಕ್ಕೆ ಅರ್ಥವಿಲ್ಲ. ಸ್ಕ್ಯಾನರಿನಲ್ಲಿ ರೆಡಿನೆಸ್ ಅನ್ನುವ ಜಾಗದಲ್ಲಿ ಎಲ್ಲವೂ ಮುಗಿದಿದೆ ಅಂತ ಬರಬೇಕು. ಐದು ದಿನದಲ್ಲಿ ಬಂತು. ಪೆಂಡಿಂಗ್ ಪಟ್ಟಿ ಖಾಲಿ. 1,100 ಕಿ.ಮೀ. ಆದ ಮೇಲೆ ಮತ್ತೆ ನೋಡಿದೆ, ಆಗಲೂ ಖಾಲಿ.

ಒಂದು ಪ್ರಶ್ನೆ ಉಳಿದಿತ್ತು: ಆ 1.4 ಲೀಟರ್ ಆಯಿಲ್ ಎಲ್ಲಿ ಹೋಯಿತು? ಹೊರಗೆ ಸೋರಿಕೆ ಇಲ್ಲ, ನೀಲಿ ಹೊಗೆ ಇಲ್ಲ. ಎಂಜಿನ್ ಒಳಗಿನ ಆವಿಯನ್ನು ಇನ್‌ಟೇಕ್ ಕಡೆಗೆ ಬಿಡುವ ಪಿಸಿವಿ ವಾಲ್ವ್ ಅಲ್ಲಾಡಿಸಿದರೆ ಗಲಗಲ ಅನ್ನಬೇಕು, ಇದು ಕಿಟ್ಟ ಕಟ್ಟಿ ಸುಮ್ನಿತ್ತು. ಅದನ್ನು ಬದಲಾಯಿಸಿದೆ. ಈಗ 1,000 ಕಿ.ಮೀ.ಗೆ ಸುಮಾರು 250 ಮಿ.ಲೀ. ಇಳಿಯುತ್ತಿದೆ. ಈ ವಯಸ್ಸಿನ ಎಂಜಿನ್‌ಗೆ ಗಾಬರಿಪಡುವಷ್ಟಲ್ಲ, ಆದರೆ ಮರೆಯುವಷ್ಟೂ ಅಲ್ಲ. ವಾಲ್ವಿನ ಕಡ್ಡಿಯ ಪಕ್ಕದಿಂದ ಆಯಿಲ್ ಇಳಿಯದಂತೆ ತಡೆಯುವ ವಾಲ್ವ್ ಸ್ಟೆಮ್ ಸೀಲ್ ಮೇಲೆ ನನಗೆ ಅನುಮಾನ ಇದೆ. ಅಕ್ಕ ಕಾರಿನಲ್ಲಿ ಒಂದು ನೋಟ್‌ಬುಕ್ ಇಟ್ಟಿದ್ದಾಳೆ. ಹದಿನೈದು ದಿನಕ್ಕೊಮ್ಮೆ ಡಿಪ್‌ಸ್ಟಿಕ್ ಎಳೆದು, ಮಟ್ಟ ಎಲ್ಲಿದೆ ಅಂತ ಗೆರೆ ಎಳೆದು, ಪಕ್ಕದಲ್ಲಿ ಕಿ.ಮೀ. ಬರೆಯುತ್ತಾಳೆ. ಆ ಗೆರೆಗಳು ಇನ್ನೊಂದು 3,000 ಕಿ.ಮೀ. ಹೇಗೆ ಇಳಿಯುತ್ತವೆ ಅಂತ ನೋಡಿ ಸೀಲಿನ ಕೆಲಸಕ್ಕೆ ಕೈ ಹಾಕುತ್ತೇವೆ.